ಪ್ಯಾಕೆಟ್ ಊಟ ಮುಗಿದ ಮೇಲೆ ಅನ್ನದ ಅಳತೆ

ಅಳೆದು ಕಟ್ಟಿದ ಪ್ಯಾಕೆಟ್ ಊಟ ಮಾರಿ ತೂಕ ಇಳಿಸುವ ವ್ಯಾಪಾರ ಅಮೆರಿಕದಲ್ಲಿ ಹೊಸದಲ್ಲ. ನ್ಯೂಟ್ರಿಸಿಸ್ಟಮ್ ಶುರುವಾದದ್ದು 1972ರಲ್ಲಿ, ಮೆಡಿಫಾಸ್ಟ್ 1980ರಲ್ಲಿ. ಇಲ್ಲಿನ ಕನ್ನಡಿಗರ ಮನೆಗಳಿಗೂ ಆ ಪೆಟ್ಟಿಗೆಗಳು ಬರುತ್ತವೆ. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಮೂರು ನಾಲ್ಕು ತಿಂಗಳು ಪ್ಯಾಕೆಟ್ ತಿಂದು ಇಪ್ಪತ್ತೈದು ಮೂವತ್ತು ಪೌಂಡ್ ಇಳಿಸಿಕೊಂಡವರು ಕನ್ನಡ ಕೂಟಗಳಲ್ಲಿ ಸಿಗುತ್ತಾರೆ. ಇಳಿದ ತೂಕವನ್ನು ಎರಡು ವರ್ಷ ಹಾಗೇ ಕಾಪಾಡಿಕೊಂಡವರು ಅಪರೂಪ. ಅದಕ್ಕೆ ಅವರ ಮನೋಬಲವನ್ನು ದೂರುವುದು ಅನ್ಯಾಯ. ಪ್ಯಾಕೆಟ್ ಬಿಟ್ಟು ಅಡುಗೆಮನೆಗೆ ಮರಳುವ ಆರೆಂಟು ವಾರಗಳನ್ನು ನಾವು ಸರಿಯಾಗಿ ನಡೆಸುತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿಯವರು, ಅಂದರೆ ಅಮೆರಿಕನ್ನರು, ಈ ಘಟ್ಟವನ್ನು ಪ್ಯಾಕೆಟ್ ಕಂಪನಿಯ ಕೈಪಿಡಿ ಹಿಡಿದು ದಾಟುತ್ತಾರೆ. ಮೊದಲು ತರಕಾರಿ ಹೆಚ್ಚಿಸು, ಆಮೇಲೆ ಹಣ್ಣು, ಆಮೇಲೆ ಹಾಲು ಮೊಸರು, ಕೊನೆಗೆ ಧಾನ್ಯ ಎಂದು ವಾರವಾರಕ್ಕೆ ಒಂದೊಂದು ಮೆಟ್ಟಿಲು. ನಮ್ಮವರದು ಬೇರೆ ದಾರಿ. ಶನಿವಾರ ಕೊನೆಯ ಪ್ಯಾಕೆಟ್ ಮುಗಿಯಿತು, ಭಾನುವಾರ ಚಿತ್ರಾನ್ನ, ಹೋಳಿಗೆ. ‘ಇನ್ನು ಮೇಲೆ ಮನೆ ಊಟ, ಸ್ವಲ್ಪ ಕಡಿಮೆ ತಿಂದರಾಯಿತು’ ಎಂಬ ನಿರ್ಧಾರ. ಆ ‘ಸ್ವಲ್ಪ’ಕ್ಕೆ ಅಳತೆಯೇ ಇರುವುದಿಲ್ಲ. ಹಾಗೆಂದು ಕೈಪಿಡಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದನ್ನು ಬರೆದಿರುವುದು ತಟ್ಟೆಯ ನಡುವೆ ಕೋಳಿ ಮಾಂಸ ಇಟ್ಟುಕೊಂಡು ಪಕ್ಕಕ್ಕೆ ಒಂದು ತುಂಡು ಬ್ರೆಡ್ ಹಾಕಿಕೊಳ್ಳುವವರಿಗೆ. ತಟ್ಟೆಯ ನಡುವೆ ಅನ್ನ, ಅದರ ಸುತ್ತ ಹುಳಿ, ಪಲ್ಯ, ಮೇಲೊಂದು ಚಮಚ ತುಪ್ಪ ಎಂಬ ಊಟದಲ್ಲಿ ಎಲ್ಲಿ ಕತ್ತರಿ ಹಾಕಬೇಕು ಎಂಬುದು ಅದರಲ್ಲಿಲ್ಲ. ಶಿಸ್ತು ಅವರಿಂದ, ಅಡುಗೆ ನಮ್ಮಿಂದ ತೆಗೆದುಕೊಳ್ಳಬೇಕು. ಅದನ್ನು ಹೇಗೆ ಹೊಂದಿಸುವುದೆಂಬುದೇ ಇಲ್ಲಿನ ವಿಷಯ.

ಮೊದಲಿಗೆ ಪ್ಯಾಕೆಟ್ ಮಾಡುತ್ತಿದ್ದ ಕೆಲಸವೇನು ಎಂದು ನೋಡಿ. ಮೆಡಿಫಾಸ್ಟ್ ಕಂಪನಿ ಆಪ್ಟೇವಿಯಾ ಹೆಸರಿನಲ್ಲಿ ಮಾರುವ ‘5 ಮತ್ತು 1’ ಕ್ರಮದಲ್ಲಿ ದಿನಕ್ಕೆ ಐದು ಪ್ಯಾಕೆಟ್, ಒಂದು ಮನೆ ಊಟ. ಎಲ್ಲ ಸೇರಿ 800ರಿಂದ 1000 ಕ್ಯಾಲರಿ. ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 100 ಕ್ಯಾಲರಿ, 11ರಿಂದ 15 ಗ್ರಾಂ ಪ್ರೋಟೀನ್. ಅಂದರೆ ಪ್ಯಾಕೆಟ್ಟುಗಳಿಂದಲೇ ದಿನಕ್ಕೆ 55 ಗ್ರಾಂಗೆ ಕಡಿಮೆಯಿಲ್ಲದ ಪ್ರೋಟೀನ್ ಸಿಗುತ್ತಿತ್ತು. ಅದೇ 100 ಕ್ಯಾಲರಿಗೆ ಅನ್ನ ಬಡಿಸಿಕೊಂಡರೆ ಬರುವುದು ಅರ್ಧ ಅಮೆರಿಕನ್ ಕಪ್, 75 ಗ್ರಾಂ ಅನ್ನ. ಅದರಲ್ಲಿರುವ ಪ್ರೋಟೀನ್ 2 ಗ್ರಾಂ. ಕ್ಯಾಲರಿ ಲೆಕ್ಕ ಸರಿಹೋಗುತ್ತದೆ, ಹೊಟ್ಟೆ ತುಂಬುವುದಿಲ್ಲ. ಪ್ಯಾಕೆಟ್ ಬಿಟ್ಟವರಿಗೆ ಮಧ್ಯಾಹ್ನ ನಾಲ್ಕು ಗಂಟೆಗೆ ಕುರುಕಲಿನ ಡಬ್ಬಿಯ ಕಡೆ ಕೈ ಹೋಗುವುದು ಬಹುಪಾಲು ಇದರಿಂದಲೇ.

ದೇಹವೂ ಸುಮ್ಮನಿರುವುದಿಲ್ಲ. ತೂಕ ಇಳಿದಂತೆ ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಹೆಚ್ಚುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಇಳಿದ ಪ್ರತಿ ಕಿಲೋಗೆ ದಿನದ ಖರ್ಚು 20–30 ಕ್ಯಾಲರಿ ಇಳಿದರೆ, ಹಸಿವು ಸುಮಾರು 100 ಕ್ಯಾಲರಿಯಷ್ಟು ಏರುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರ ಅತಿ ಕಡಿಮೆ ಕ್ಯಾಲರಿಯ ಆಹಾರದಲ್ಲಿದ್ದವರ ಹಸಿವಿನ ಹಾರ್ಮೋನುಗಳು ಒಂದು ವರ್ಷವಾದರೂ ಹಿಂದಿನ ಮಟ್ಟಕ್ಕೆ ಮರಳಿರಲಿಲ್ಲ. ಆದ್ದರಿಂದ ಪ್ಯಾಕೆಟ್ ಬಿಟ್ಟ ಮೇಲೆ ವಿಪರೀತ ಹಸಿವಾದರೆ ‘ನನಗೆ ಬಾಯಿ ಕಟ್ಟುವುದಕ್ಕೆ ಆಗುವುದಿಲ್ಲ’ ಎಂದು ಕೊರಗಬೇಡಿ. ಆ ಹಸಿವು ನಿಜವಾದದ್ದು. ಅದಕ್ಕೆ ಪ್ರೋಟೀನ್, ತರಕಾರಿ, ಊಟದ ಹೊತ್ತು ಈ ಮೂರರಿಂದ ಉತ್ತರ ಕೊಡಬೇಕು.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಧಾನ್ಯ ಮತ್ತೆ ಶುರು ಮಾಡಿದ ಮೊದಲ ವಾರ ತೂಕ ಎರಡರಿಂದ ನಾಲ್ಕು ಪೌಂಡ್ ಏರಬಹುದು. ಪಿಷ್ಟ ಕಡಿಮೆಯಿದ್ದಾಗ ಖಾಲಿಯಾದ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು, ಮತ್ತೆ ತುಂಬಿಕೊಳ್ಳುತ್ತದೆ; ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಹುಳಿ, ಉಪ್ಪಿನಕಾಯಿ, ಹಪ್ಪಳದ ಉಪ್ಪು ಮತ್ತಷ್ಟು ನೀರು ಹಿಡಿದಿಡುತ್ತದೆ. ಅದು ಕೊಬ್ಬಲ್ಲ. ಇದು ತಿಳಿಯದವರು ‘ಅನ್ನ ತಿಂದಿದ್ದೇ ತಪ್ಪಾಯಿತು’ ಎಂದು ಹೆದರಿ ಪ್ಯಾಕೆಟ್ಟಿಗೆ ಓಡುತ್ತಾರೆ, ಇಲ್ಲವೇ ಇನ್ನೇನು ಮಾಡಿದರೂ ಅಷ್ಟೇ ಎಂದು ಕೈಚೆಲ್ಲುತ್ತಾರೆ. ಎರಡನೆಯ ವಾರದ ಸರಾಸರಿ ಬರುವ ತನಕ ಯಾವ ತೀರ್ಮಾನಕ್ಕೂ ಬರಬೇಡಿ.

ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಒಂದನ್ನೂ ಬದಲಿಸುವ ಮೊದಲು ಡಾಕ್ಟರನ್ನು ಕಾಣಲೇಬೇಕು. ಪ್ಯಾಕೆಟ್ ಕಾಲದಲ್ಲಿ ಇಳಿಸಿದ ಮಾತ್ರೆಯ ಪ್ರಮಾಣ ಅನ್ನ, ರಾಗಿ, ಗೋಧಿ ಮರಳಿದಾಗ ಸಾಲದೇ ಹೋಗಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಗೇ ಹೆಚ್ಚಿಸಕೂಡದು. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಎಷ್ಟೆಂದು ಕೇಳಿಕೊಂಡೇ ಮುಂದುವರಿಯಬೇಕು.

ಈಗ ಎಷ್ಟು ತಿನ್ನಬೇಕೆಂಬ ಲೆಕ್ಕ. ಸುಮ್ಮನಿದ್ದರೂ ದೇಹ ದಿನಕ್ಕೆ ಎಷ್ಟು ಕ್ಯಾಲರಿ ಖರ್ಚು ಮಾಡುತ್ತದೆಂದು ಹೇಳುವ ಮಿಫ್ಲಿನ್ ಸೂತ್ರ ಸರಳವಾಗಿದೆ: ಕಿಲೋ ತೂಕವನ್ನು 10ರಿಂದ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ, ಗಂಡಸರಾದರೆ 5 ಕೂಡಿ. ನಲವತ್ತೈದು ವರ್ಷದ, 160 ಸೆಂಟಿಮೀಟರ್ ಎತ್ತರದ, 65 ಕಿಲೋಗೆ ಇಳಿದ ಹೆಂಗಸಿಗೆ 1264 ಬರುತ್ತದೆ. ಕೂತು ಕೆಲಸ ಮಾಡಿ ಒಂದಿಷ್ಟು ನಡೆದಾಡುವವರಾದರೆ ಅದನ್ನು 1.4ರಿಂದ ಗುಣಿಸಿ: ಸುಮಾರು 1770. ತೂಕ ಇಳಿಸಿದವರ ದೇಹ ಸೂತ್ರ ಹೇಳಿದ್ದಕ್ಕಿಂತ ಕಡಿಮೆ ಖರ್ಚು ಮಾಡುವುದುಂಟು, ಹಾಗಾಗಿ 1600ನ್ನು ಗುರಿಯಾಗಿಟ್ಟುಕೊಳ್ಳುವುದು ಕ್ಷೇಮ. 1000ದಿಂದ 1600ಕ್ಕೆ ವಾರಕ್ಕೆ 100–150 ಕ್ಯಾಲರಿಯಂತೆ ಏರಿಸಿ. ತೂಕದ ವಾರದ ಸರಾಸರಿ ನಿಂತಿದ್ದರೆ ಅಥವಾ ಇನ್ನೂ ಇಳಿಯುತ್ತಿದ್ದರೆ ಮುಂದಿನ ಮೆಟ್ಟಿಲು. ನೀರಿನ ಏರಿಕೆ ಮುಗಿದ ಮೇಲೂ ವಾರಕ್ಕೆ ಒಂದು ಪೌಂಡ್‌ನಂತೆ ಏರುತ್ತಿದ್ದರೆ ಅಲ್ಲೇ ನಿಲ್ಲಿ.

ಪ್ಯಾಕೆಟ್ಟುಗಳನ್ನು ಯಾವ ಸರದಿಯಲ್ಲಿ ಬಿಡಬೇಕು ಎಂಬಲ್ಲಿ ನನ್ನದು ಕೈಪಿಡಿಗಿಂತ ಬೇರೆ ಅಭಿಪ್ರಾಯ. ಮೊದಲು ಸಂಜೆಯ ಪ್ಯಾಕೆಟ್ ತೆಗೆಯಿರಿ. ಅದರ ಜಾಗಕ್ಕೆ 170 ಗ್ರಾಂ ಕೊಬ್ಬಿಲ್ಲದ ಗ್ರೀಕ್ ಯೋಗರ್ಟ್ ಬರಲಿ: 100 ಕ್ಯಾಲರಿ, 17 ಗ್ರಾಂ ಪ್ರೋಟೀನ್. ಉಪ್ಪು, ಇಂಗು, ಸಾಸಿವೆ ಹಾಕಿ ತುರಿದ ಸೌತೆಕಾಯಿ ಬೆರೆಸಿದರೆ ಅದೇ ಮೊಸರುಬಜ್ಜಿ. ಎರಡನೆಯದಾಗಿ ಹನ್ನೊಂದು ಗಂಟೆಯ ಪ್ಯಾಕೆಟ್. ಅಲ್ಲಿಗೆ 30 ಗ್ರಾಂ ಒಣ ಹೆಸರುಕಾಳಿನ ಮೊಳಕೆಯ ಉಸಲಿ, ಒಂದು ಟೀ ಚಮಚ ಎಣ್ಣೆಯ ಒಗ್ಗರಣೆ ಹಾಕಿ ಸುಮಾರು 150 ಕ್ಯಾಲರಿ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಎರಡು ಮೊಟ್ಟೆ ಇನ್ನೂ ಸುಲಭ. ಆಮೇಲೆ ಮಧ್ಯಾಹ್ನದ ಊಟ. ಬೆಳಗಿನ ಪ್ಯಾಕೆಟ್ ಮಾತ್ರ ಕೊನೆಯ ತನಕ ಇರಲಿ. ನಮ್ಮ ಬೆಳಗಿನ ತಿಂಡಿಯಲ್ಲಿ ಅಕ್ಕಿ, ರವೆ, ಅವಲಕ್ಕಿ, ಎಣ್ಣೆಯದೇ ರಾಜ್ಯಭಾರ. ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವ ಗಡಿಬಿಡಿಯಲ್ಲಿ ಅಳೆಯುವುದಕ್ಕೆ ವ್ಯವಧಾನವೂ ಇರುವುದಿಲ್ಲ. ಅದನ್ನು ಕಲಿಯುವುದಕ್ಕೆ ಮಿಕ್ಕ ಊಟಗಳು ಹದಕ್ಕೆ ಬಂದಿರಬೇಕು. ಉಪ್ಪಿಟ್ಟಿನ ಲೆಕ್ಕ ಹೇಳುವುದಾದರೆ, ಒಬ್ಬರಿಗೆ 40 ಗ್ರಾಂ ರವೆ, ಅದರ ಮೂರರಷ್ಟು ತೂಕದ ತರಕಾರಿ, ಎರಡು ಟೀ ಚಮಚ ಎಣ್ಣೆ: ಸುಮಾರು 265 ಕ್ಯಾಲರಿ. ಜೊತೆಗೊಂದು ಕಪ್ ಗ್ರೀಕ್ ಯೋಗರ್ಟ್ ಇಲ್ಲದಿದ್ದರೆ ಹತ್ತೂವರೆಗೆ ಮತ್ತೆ ಹಸಿವು.

ಅನ್ನದ ಅಳತೆಯಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ರೈಸ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಲೋಟ 180 ಮಿಲಿಲೀಟರ್. ಅಮೆರಿಕದ ಅಳತೆಯ ಕಪ್ ಸುಮಾರು 240. ಕ್ಯಾಲರಿ ಲೆಕ್ಕದ ಆ್ಯಪ್‌ನಲ್ಲಿ ‘ಒಂದು ಕಪ್ ಅನ್ನ’ ಎಂದು ಬರೆದುಕೊಂಡರೆ ಅದು ಬೆಂದ ಅನ್ನ, 158 ಗ್ರಾಂ, 205 ಕ್ಯಾಲರಿ. ಕುಕ್ಕರಿನ ಒಂದು ಲೋಟ ಅಕ್ಕಿಯಾದರೋ ಸುಮಾರು 150 ಗ್ರಾಂ ಹಸಿ ಅಕ್ಕಿ, 540 ಕ್ಯಾಲರಿ, ಬೆಂದರೆ 400 ಗ್ರಾಂ ದಾಟುತ್ತದೆ. ಇಬ್ಬರೇ ಊಟ ಮಾಡಿ ಪಾತ್ರೆ ಖಾಲಿ ಮಾಡಿದರೆ ತಲಾ 270 ಕ್ಯಾಲರಿ, ಬರೆದುಕೊಂಡದ್ದು 205. ಆದ್ದರಿಂದ ತಟ್ಟೆಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ ಬಡಿಸಿಕೊಳ್ಳಿ. ಮೊದಲ ಎರಡು ವಾರ 75 ಗ್ರಾಂ, ಆಮೇಲೆ 100, ಕೊನೆಗೆ 150. ಒಂದು ತಿಂಗಳು ಹೀಗೆ ಮಾಡಿದರೆ ನಿಮ್ಮ ಮನೆಯ ಸೌಟಿಗೆ ಎಷ್ಟು ಗ್ರಾಂ ಎಂಬುದು ಕೈಗೆ ತಿಳಿದುಬಿಡುತ್ತದೆ, ಮತ್ತೆ ತಕ್ಕಡಿ ಬೇಕಾಗುವುದಿಲ್ಲ. ಮುದ್ದೆಗೂ ಇದೇ ಮಾತು: 60 ಗ್ರಾಂ ರಾಗಿಹಿಟ್ಟಿನ ಮುದ್ದೆ ಸುಮಾರು 200 ಕ್ಯಾಲರಿ. ರಾಗಿ ಒಳ್ಳೆಯದೆಂದು ಅದರ ಎರಡರಷ್ಟು ನುಂಗಿದರೆ ಲೆಕ್ಕವೂ ಎರಡರಷ್ಟೇ.

ಎಣ್ಣೆಯನ್ನು ಊಟವೂಟಕ್ಕೆ ಅಳೆಯುವುದು ಬೇಸರದ ಕೆಲಸ. ಬದಲಿಗೆ ಎಣ್ಣೆ ಬಾಟಲಿಯನ್ನೇ ಭಾನುವಾರ ಬೆಳಗ್ಗೆ ತೂಗಿ, ಮುಂದಿನ ಭಾನುವಾರ ಮತ್ತೆ ತೂಗಿ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ 700 ಗ್ರಾಂ ಇಳಿದಿದ್ದರೆ ತಲೆಗೆ ದಿನಕ್ಕೆ 25 ಗ್ರಾಂ, ಸುಮಾರು 225 ಕ್ಯಾಲರಿ. ಅದನ್ನು 400ಕ್ಕೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ ನೂರರಷ್ಟು ಉಳಿತಾಯ; ಒಗ್ಗರಣೆಯ ರುಚಿಯೇನೂ ಕೆಡುವುದಿಲ್ಲ. ತುಪ್ಪದ ಡಬ್ಬಿಯನ್ನೂ ಸೇರಿಸಿಯೇ ತೂಗಬೇಕು.

ಸಸ್ಯಾಹಾರಿಗಳಿಗೆ ಪ್ರೋಟೀನ್ ಒದಗಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ‘ದಿನಾ ಬೇಳೆ ಸಾರು ತಿನ್ನುತ್ತೇವಲ್ಲ’ ಎನ್ನುತ್ತಾರೆ. ಕುಕ್ಕರಿನ ಅರ್ಧ ಲೋಟ ತೊಗರಿಬೇಳೆಯಲ್ಲಿ ನಾಲ್ಕು ಜನಕ್ಕೆ ಸಾರು ಮಾಡಿದರೆ ಒಬ್ಬರಿಗೆ ಸಿಗುವುದು ನಾಲ್ಕೇ ಗ್ರಾಂ. ಕೆಜಿಗೆ 1.2 ಗ್ರಾಂ ಎಂದರೂ 65 ಕಿಲೋದವರಿಗೆ ದಿನಕ್ಕೆ 78 ಗ್ರಾಂ ಬೇಕು. ಆದ್ದರಿಂದ ತಿಳಿಸಾರು ವಾರಕ್ಕೆರಡು ದಿನ ಇರಲಿ. ಮಿಕ್ಕ ದಿನ ಒಬ್ಬರಿಗೆ 40 ಗ್ರಾಂ ಬೇಳೆಯ ಗಟ್ಟಿ ಹುಳಿ ಅಥವಾ ಕಾಳಿನ ಹುಳಿ, ಪಲ್ಯಕ್ಕೆ ತೋಫು ಅಥವಾ ಸೋಯಾ ಚಂಕ್ಸ್. ಒಣ ಸೋಯಾ ಚಂಕ್ಸ್‌ನ ಅರ್ಧದಷ್ಟು ತೂಕ ಪ್ರೋಟೀನೇ. 30 ಗ್ರಾಂ ಹಾಕಿದರೆ 15 ಗ್ರಾಂ ಬಂತು. ಪನೀರಿನಲ್ಲಿ ಪ್ರೋಟೀನಿನಷ್ಟೇ ಕೊಬ್ಬೂ ಇದೆ, ಅದನ್ನು ಗ್ರೀಕ್ ಯೋಗರ್ಟಿಗೆ ಸಮ ಎಂದುಕೊಳ್ಳಬಾರದು.

ಹೊರಗಿನ ಊಟದಲ್ಲಿ ಇಲ್ಲಿನವರಿಗಿರುವ ಅನುಕೂಲ ನಮಗಿಲ್ಲ. ಒಂದೇ ಹೆಸರಿನ ಇಪ್ಪತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲರಿ ಹಾಕಲೇಬೇಕೆಂಬ ನಿಯಮ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ನಾವು ಹೋಗುವ ಒಂದೇ ಅಂಗಡಿಯ ದೋಸೆ ಹೋಟೆಲಿಗೆ ಅದು ಅನ್ವಯಿಸುವುದಿಲ್ಲ, ದೀಪಾವಳಿಯ ಪಾಟ್‌ಲಕ್‌ಗೂ ಇಲ್ಲ. ಅಲ್ಲಿ ಒಂದೇ ಸಲ ಬಡಿಸಿಕೊಳ್ಳುವುದು, ಕೋಸಂಬರಿ ಪಲ್ಯದಿಂದ ಶುರು ಮಾಡುವುದು, ಪುಳಿಯೋಗರೆ, ಬಿಸಿಬೇಳೆಬಾತ್, ಪೂರಿಯಲ್ಲಿ ಒಂದನ್ನು ಮಾತ್ರ ಆರಿಸುವುದು, ಇಷ್ಟು ಸಾಕು. ಬಲವಂತ ಮಾಡುವವರಿಗೆ ‘ಅಕ್ಕ, ಡಬ್ಬಿಗೆ ಹಾಕಿಕೊಡಿ, ನಾಳೆ ತಿನ್ನುತ್ತೇನೆ’ ಎಂದರೆ ಅವರಿಗೂ ಸಂತೋಷ.

ತೂಕ ನೋಡಿಕೊಳ್ಳುವುದರಲ್ಲಿ ಮಾತ್ರ ಇಲ್ಲಿಯವರ ರೀತಿಯನ್ನು ಪೂರ್ತಿ ತೆಗೆದುಕೊಳ್ಳಬೇಕು ಎನ್ನುತ್ತೇನೆ. ತೂಕ ಇಳಿಸಿದ್ದ 314 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ದಿನವೂ ತೂಕ ನೋಡಿ ಏರಿದ ಕೂಡಲೇ ಕ್ರಮ ಕೈಗೊಳ್ಳುವುದನ್ನು ಎದುರು ಕೂರಿಸಿ ಕಲಿಸಿದ ಗುಂಪಿನಲ್ಲಿ ಹದಿನೆಂಟು ತಿಂಗಳಲ್ಲಿ ಐದು ಪೌಂಡ್ ಅಥವಾ ಹೆಚ್ಚು ಏರಿಸಿಕೊಂಡವರು ಶೇ. 46, ಹಾಗೆ ಕಲಿಸದ ಗುಂಪಿನಲ್ಲಿ ಶೇ. 72. ನಮ್ಮಲ್ಲಿ ತೂಕದ ಮಷೀನು ಹಾಸಿಗೆಯ ಕೆಳಗಿರುತ್ತದೆ, ಪ್ಯಾಂಟು ಬಿಗಿಯಾದಾಗ ಹೊರಗೆ ಬರುತ್ತದೆ. ಆ ಹೊತ್ತಿಗೆ ಹತ್ತು ಪೌಂಡ್ ಏರಿ ಆಗಿರುತ್ತದೆ. ಬೆಳಗ್ಗೆ ಮುಖ ತೊಳೆದ ಮೇಲೆ ದಿನವೂ ತೂಗಿ, ವಾರದ ಸರಾಸರಿಯನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಿ.

ಕೊನೆಯ ಪೆಟ್ಟಿಗೆಯಲ್ಲಿ ಒಂದಷ್ಟು ಪ್ಯಾಕೆಟ್ ಉಳಿಸಿಕೊಳ್ಳುವುದೂ ಒಳ್ಳೆಯದು. ಬ್ರಿಟನ್ನಿನ ‘ಡೈರೆಕ್ಟ್’ ಎಂಬ ಹೆಸರಿನ ಅಧ್ಯಯನದಲ್ಲಿ ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ಪ್ಯಾಕೆಟ್ ಆಹಾರ ಕೊಟ್ಟು, ಎರಡರಿಂದ ಎಂಟು ವಾರಗಳಲ್ಲಿ ಊಟಕ್ಕೆ ಮರಳಿಸಿ, ತೂಕ ಎರಡು ಕಿಲೋಗಿಂತ ಹೆಚ್ಚು ಏರಿದರೆ ಕೆಲವು ವಾರ ಒಂದೆರಡು ಊಟದ ಬದಲು ಮತ್ತೆ ಪ್ಯಾಕೆಟ್ ಕೊಡುವ ವ್ಯವಸ್ಥೆಯಿತ್ತು. ಆ ಕ್ರಮ ಮನೆಯಲ್ಲೂ ನಡೆಯುತ್ತದೆ: ಸರಾಸರಿ ನಾಲ್ಕೈದು ಪೌಂಡ್ ಏರಿದರೆ ರಾತ್ರಿಯ ಊಟದ ಜಾಗಕ್ಕೆ ಎರಡು ವಾರ ಪ್ಯಾಕೆಟ್ ಮತ್ತು ಒಂದು ತಟ್ಟೆ ತರಕಾರಿ. ಜೊತೆಗೆ ವಾರಕ್ಕೆ 200ರಿಂದ 300 ನಿಮಿಷ ಚುರುಕು ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ. ಚಳಿಗಾಲದ ಹಿಮಕ್ಕೆ ನಡಿಗೆ ನಿಲ್ಲುವ ಊರಿನವರು ಅಕ್ಟೋಬರಿನಲ್ಲೇ ಒಳಾಂಗಣದ ಏರ್ಪಾಡು ಮಾಡಿಕೊಳ್ಳಬೇಕು.

ಊರಿಗೆ ಹೋಗಿ ನಾಲ್ಕು ವಾರ ಇರುವಾಗ ಅಳತೆಯ ತಕ್ಕಡಿ ಒಯ್ಯುವುದು ಯಾರಿಂದಲೂ ಆಗದ ಮಾತು. ಹೊಲಿಗೆಯ ಟೇಪು ಒಯ್ಯಬಹುದು. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನು ವಾರಕ್ಕೊಮ್ಮೆ ನೋಡಿಕೊಳ್ಳಿ. ನಮ್ಮ ಮೈಕಟ್ಟಿಗೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಮರಳಿ ಬಂದ ಮೇಲೆ ವಿಮಾನ ಪ್ರಯಾಣದ ನೀರು ಇಳಿಯಲು ನಾಲ್ಕೈದು ದಿನ ಬಿಟ್ಟು ತೂಕ ನೋಡಿ, ಏರಿದ್ದರೆ ಆ ಸೋಮವಾರದಿಂದಲೇ ರಾತ್ರಿಯ ಪ್ಯಾಕೆಟ್ ಶುರು ಮಾಡಿ.