ಸ್ಪಷ್ಟನೆ: ಕರ್ನಲ್ ಸ್ಯಾಂಡರ್ಸ್ 65ಕ್ಕೆ ಬರಿಗೈಯಲ್ಲಿ ಶುರು ಮಾಡಿದವರಲ್ಲ

"65ರವರೆಗೆ ಬರೀ ಸೋಲುಂಡ ಸ್ಯಾಂಡರ್ಸ್, ಪಿಂಚಣಿ ಚೆಕ್ ಕೈಸೇರಿದ ಮೇಲೆ ಕರಿದ ಕೋಳಿಯ ಹೋಟೆಲ್ ಸರಪಳಿ ಕೆಎಫ್‌ಸಿ ಕಟ್ಟಿದರು" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

1890ರಲ್ಲಿ ಹುಟ್ಟಿದ ಅವರು 1930ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಅಮೆರಿಕದ ಕೆಂಟಕಿಯ ಕಾರ್ಬಿನ್‌ನಲ್ಲಿ ಪೆಟ್ರೋಲ್ ಬಂಕ್‌ಗೆ ಬಂದವರಿಗೆ ತಮ್ಮದೇ ಊಟದ ಮೇಜಿನಲ್ಲಿ ಬಡಿಸತೊಡಗಿದರು. ಬಾಣಲೆಯಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಕೋಳಿಯನ್ನು 1939ರಿಂದ ಪ್ರೆಷರ್ ಕುಕ್ಕರ್‌ನಲ್ಲಿ ಕೆಲವೇ ನಿಮಿಷಕ್ಕೆ ಕರಿದು ತೆಗೆದರು. ಮೊದಲ ಫ್ರಾಂಚೈಸಿ (ಅವರ ಕೋಳಿಯನ್ನು ಮಾರಲು ಬೇರೆ ಹೋಟೆಲಿಗೆ ಕೊಟ್ಟ ಪರವಾನಗಿ) 1952ರಲ್ಲೇ, ಸಾಲ್ಟ್ ಲೇಕ್ ಸಿಟಿಯಲ್ಲಿ.

ಹೊಸ ಹೆದ್ದಾರಿಯಿಂದ ಗಿರಾಕಿ ತಪ್ಪುವಂತಾಗಿ 1956ರಲ್ಲಿ ಕಾರ್ಬಿನ್‌ನ ತಮ್ಮ ಹೋಟೆಲ್ ಮಾರಿ, ಫ್ರಾಂಚೈಸಿ ಕೊಡಲು ಕಾರಿನಲ್ಲಿ ಊರೂರು ಅಲೆದದ್ದು ನಿಜ. ಆಗ ಅವರ ಕೈಯಲ್ಲಿ ಕಾಲು ಶತಮಾನ ಪಳಗಿದ ಕಸುಬಿತ್ತು. ಐವತ್ತು ದಾಟಿ ಹೊಸ ಕೆಲಸಕ್ಕೆ ಹೊರಟವರು ತಿಳಿಯಲೇಬೇಕಾದ ಈ ಮಾತನ್ನೇ ಸಂದೇಶ ನುಂಗಿದೆ.