ಪಿ.ಟಿ. ಪೀರಿಯಡ್ ಮಕ್ಕಳಿಗೆ ವಾಪಸ್ ಕೊಡಿ

ಇವತ್ತು ಮಧ್ಯಾಹ್ನ ಮಗಳ ಶಾಲೆಗೆ ಹೋಗಿದ್ದೆ. ಟೈಮ್‌ಟೇಬಲ್ ಪ್ರಕಾರ ಅವಳ ಹತ್ತನೇ ಕ್ಲಾಸಿಗೆ ಪಿ.ಟಿ. ಪೀರಿಯಡ್. ಮೈದಾನ ಖಾಲಿ. ಮಕ್ಕಳೆಲ್ಲ ಒಳಗೆ ಗಣಿತ ಮಾಡುತ್ತಿದ್ದರು. ಕೇಳಿದರೆ ಶಾಲೆಯವರು, "ಜನವರಿಯಿಂದ ಇವರಿಗೆ ಆಟ ಇಲ್ಲ ಮೇಡಂ, ಪರೀಕ್ಷೆ ಬಂತಲ್ಲ" ಎಂದರು. ಅಲ್ಲಿಂದ ಸುಮ್ನೆ ಬಂದುಬಿಟ್ಟೆ. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಮಗಳಿಗೆ ಶಟಲ್ ಅಂದರೆ ಪ್ರಾಣ, ನಿಮಗೆಲ್ಲ ಗೊತ್ತೇ ಇದೆ. ಈಗ ಪುಸ್ತಕ ಹಿಡಿದರೆ ಅಂಗೈ ಬೆವರುತ್ತದೆ. ಮೊನ್ನೆ ರಾತ್ರಿ ಓದುತ್ತಾ ಕೂತವಳು ನನ್ನ ಕೈ ಎಳೆದು ಎದೆ ಮೇಲಿಟ್ಟುಕೊಂಡು, "ನೋಡಮ್ಮಾ, ಎಷ್ಟು ಜೋರಾಗಿ ಹೊಡ್ಕೊಳ್ತಿದೆ" ಎಂದಳು. ಹಾಳೆಯಲ್ಲಿ ಅವಳು ಕೈ ಊರಿದ ಜಾಗ ಒದ್ದೆಯಾಗಿ ಇಂಕು ಹರಡಿತ್ತು.

ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಓಡಲು ಕೈಕಾಲು ಸಜ್ಜಾಗುತ್ತವೆ. ನಾವು ಆ ಮಗುವನ್ನು ಕುರ್ಚಿಯಿಂದ ಏಳಲೂ ಬಿಡುವುದಿಲ್ಲ. ಓಡಿ ಆಡಿದಾಗಲೂ ಎದೆ ಹಾಗೇ ಬಡಿಯುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ದಿನಾ ಅದನ್ನು ಕಂಡ ಮಗುವಿಗೆ ಪರೀಕ್ಷೆ ಹಾಲ್‌ನಲ್ಲಿ ಎದೆ ಬಡಿದರೂ ಗಾಬರಿ ಕಡಿಮೆ. ರಾತ್ರಿ ನಿದ್ದೆಯೂ ಹತ್ತುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತನೇ ಕ್ಲಾಸಿನವರು ಇದರಲ್ಲೇ ಬರುತ್ತಾರೆ ಅಲ್ವಾ?

2019ರಲ್ಲಿ ನಮ್ಮ ಹಾಸನ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ನನಗೂ ಹೆಮ್ಮೆಯಾಗಿತ್ತು. ಹಾಗಂತ ಅಂಥ ಫಲಿತಾಂಶಕ್ಕಾಗಿ ಮಕ್ಕಳ ಆಟ ಕಿತ್ತುಕೊಳ್ಳಬೇಕಾ?

"ಮೂರು ತಿಂಗಳು ತಾನೇ, ಆಮೇಲೆ ಆಡಲಿ" ಅನ್ನುತ್ತಾರೆ. ಮಕ್ಕಳು ಜಾಸ್ತಿ ಹೆದರುವುದೇ ಆ ಮೂರು ತಿಂಗಳು! "ಬಿದ್ದು ಕೈ ಮುರಿದರೆ?" ಸರಿ, ಬಿರುಸಾಗಿ ನಡೆಯಲಿ, ಸ್ಕಿಪ್ಪಿಂಗ್ ಮಾಡಲಿ. ವಾರಕ್ಕೆರಡು ಪೀರಿಯಡ್ ಅದು. ಅಷ್ಟನ್ನೂ ಕೊಡದಿದ್ದರೆ ಹೇಗೆ?

ತಪ್ಪು ನನ್ನದೂ ಇದೆ. ಡಿಸೆಂಬರಿನಲ್ಲಿ ಅವಳ ರಾಕೆಟ್ ತೆಗೆದು ಬೀರು ಮೇಲಿಟ್ಟವಳು ನಾನೇ. ಅವಳು ಒಂದು ಮಾತೂ ಆಡಲಿಲ್ಲ. ಈಗ ನೆನೆದರೆ ಕರುಳು ಕಿವುಚಿದಂತಾಗುತ್ತದೆ.

ಭಾನುವಾರದಿಂದ ಸಂಜೆ ಅರ್ಧ ಗಂಟೆ ಮಹಾರಾಜ ಪಾರ್ಕಿನಲ್ಲಿ ಬಿರುಸಾಗಿ ನಡೆಯುತ್ತಿದ್ದೇವೆ. ಮೊದಲ ದಿನ ಮಾತೇ ಇಲ್ಲ. ನಿನ್ನೆ ಮೂರನೇ ಸುತ್ತಿನಲ್ಲಿ, ಏದುಸಿರು ಬಿಡುತ್ತಾ, "ಅಮ್ಮಾ, ತ್ರಿಕೋನಮಿತಿ ನಂಗೆ ಅರ್ಥಾನೇ ಆಗಿಲ್ಲ. ಮಿಸ್‌ನ ಕೇಳೋಕೆ ಭಯ" ಎಂದಳು. ಮೂರು ತಿಂಗಳಿಂದ ಪಕ್ಕದಲ್ಲೇ ಕೂತು ಓದಿಸುತ್ತಿದ್ದೇನೆ, ಒಂದು ದಿನವೂ ಇದನ್ನು ಹೇಳಿರಲಿಲ್ಲ. ಆಮೇಲೆ ಮನೆಗೆ ಬಂದು ಎರಡು ಚಪಾತಿ ಜಾಸ್ತಿ ತಿಂದು ಮಲಗಿದಳು.

ಊಟ, ನಿದ್ದೆ ಪೂರ್ತಿ ಬಿಟ್ಟಿರುವ ಮಗು ಇದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ವಾಕಿಂಗ್ ಅಂತ ಕಾಯಬೇಡಿ.

ಪಿ.ಟಿ. ಪೀರಿಯಡ್ ವಾಪಸ್ ಕೊಡಿ ಎಂದು ಸೋಮವಾರ ಶಾಲೆಗೆ ಅರ್ಜಿ ಕೊಡುತ್ತೇನೆ. ಹತ್ತನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರು ಸಹಿ ಹಾಕಿ. ದಿನಾ ಸಂಜೆ ಐದೂವರೆಗೆ ಪಾರ್ಕಿನ ಗೇಟ್ ಹತ್ತಿರ ಇರ್ತೀವಿ. ಬರುವಾಗ ಮಕ್ಕಳನ್ನೂ ಕರೆದುಕೊಂಡು ಬನ್ನಿ.