ಙಕಾರಕ್ಕೊಂದು ಗುರುವಾರ

ಗುರುವಾರ ಸಂಜೆ ಆರೂಕಾಲಿಗೆ ಮೊಮ್ಮಗನನ್ನು ಈಜಿನ ತರಗತಿಗೆ ಕರೆದುಕೊಂಡು ಹೋಗುವುದು ಈ ಮನೆಯಲ್ಲಿ ನನಗೆ ವಹಿಸಿರುವ ಕೆಲವೇ ಜವಾಬ್ದಾರಿಗಳಲ್ಲಿ ಒಂದು. ಸರಿಯಾಗಿ ಅದೇ ಹೊತ್ತಿಗೆ, ಪಕ್ಕದ ಮನೆಯಲ್ಲಿ ಊಟ ಮುಗಿಸಿದ ಇಬ್ಬರು ಹುಡುಗರು ತಮ್ಮ ಸಣ್ಣ ಕಾರನ್ನು ಹಿಂದಕ್ಕೆ ತೆಗೆಯಲು ತೊಡಗುತ್ತಾರೆ. ನ್ಯೂಜಿಲೆಂಡಿನ ದಕ್ಷಿಣ ಆಕ್ಲೆಂಡಿನ ನಮ್ಮ ಬೀದಿಯಲ್ಲಿ ಎರಡೆರಡು ಮನೆಗಳಿಗೆ ಒಂದೊಂದೇ ಡ್ರೈವ್‌ವೇ ಇರುವುದರಿಂದ, ಅವರು ಹೊರಡುವ ತನಕ ನಾವು ಹೊರಡುವಂತಿಲ್ಲ. ಒಬ್ಬ ಚಾಲಕನ ಸ್ಥಾನದಲ್ಲಿ ಕುಳಿತಿರುತ್ತಾನೆ; ಇನ್ನೊಬ್ಬ ಕಾರಿನಿಂದ ಇಳಿದು, ಹಿಂಬದಿಗೆ ಹೋಗಿ ನಿಂತು, ವಿಮಾನವನ್ನು ನಿಲ್ದಾಣಕ್ಕೆ ಬರಮಾಡಿಕೊಳ್ಳುವವನಂತೆ ಎರಡೂ ಕೈಗಳನ್ನು ಆಡಿಸುತ್ತಾನೆ. ಕಾರು ಒಂದು ಗೇಣು ಸರಿಯುತ್ತದೆ, ನಿಲ್ಲುತ್ತದೆ. ಮತ್ತೆ ಒಂದು ಗೇಣು. ನಮ್ಮೂರಿನ ರಥೋತ್ಸವದಲ್ಲಿ ಮುನ್ನೂರು ಜನ ಹಗ್ಗ ಹಿಡಿದು ಎಳೆಯುತ್ತಿದ್ದ ತೇರು ಕೂಡ ಇದಕ್ಕಿಂತ ಚುರುಕಾಗಿ ತಿರುಗುತ್ತಿತ್ತು. ಒಮ್ಮೆ ಗಡಿಯಾರ ನೋಡಿಕೊಂಡೆ: ಹದಿನೈದು ಮೀಟರಿಗೆ ಮೂರೂವರೆ ನಿಮಿಷ.

ಇದು ಅವರ ಅಭ್ಯಾಸವಲ್ಲ, ನಿಯಮ. ಅವರು ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕ್ಕೆ ಎರಡು ವರ್ಷ ಮನೆ ಬಿಟ್ಟು ಬಂದ ಮಿಷನರಿಗಳು; ಕಾರನ್ನು ಹಿಂದಕ್ಕೆ ತೆಗೆಯುವಾಗ ಜೊತೆಗಾರ ಇಳಿದು ದಾರಿ ತೋರಿಸಬೇಕು. (ಮಾರ್ಮನ್ ಎಂಬ ಅಡ್ಡಹೆಸರು ಬೇಡ, ಪೂರ್ತಿ ಹೆಸರಿನಿಂದಲೇ ಕರೆಯಿರಿ ಎಂದು ಅವರ ಅಂದಿನ ಅಧ್ಯಕ್ಷರು 2018ರಲ್ಲಿ ಕೇಳಿಕೊಂಡಿದ್ದರು, ಆದರೆ ಆ ಪೂರ್ತಿ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಆ ಕಾರು ಕೂಡ ಬೀದಿಗೆ ಇಳಿದುಬಿಟ್ಟಿರುತ್ತದೆ.) ನಿಯಮವನ್ನು ತಪ್ಪದೆ ಪಾಲಿಸುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂಬುದು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಗೊತ್ತಿದೆ, ಗಿರಾಕಿಗಳು ನನ್ನ ಮೇಲೆ ಅದೇ ಬಗೆಯ ಸಿಟ್ಟು ಮಾಡಿಕೊಂಡಿದ್ದರು.

ಇಬ್ಬರಲ್ಲಿ ಎತ್ತರದವನು ಅಮೆರಿಕದ ಐಡಹೊ ರಾಜ್ಯದವನು, ಆಲೂಗಡ್ಡೆ ಬೆಳೆಯುವ ಮನೆಯ ಹುಡುಗ. ವಯಸ್ಸು ಹತ್ತೊಂಬತ್ತು, ಗಲ್ಲದ ಮೇಲೆ ಮೊಡವೆ, ಎದೆಯ ಬಿಲ್ಲೆಯ ಮೇಲೆ ‘ಎಲ್ಡರ್’ ಎಂಬ ಬಿರುದು. ಎಲ್ಡರ್ ಎಂದರೆ ಹಿರಿಯ. ಅರವತ್ತೇಳು ತುಂಬಿದ ನಾನು ಕಾರಿನ ಕಿಟಕಿ ಇಳಿಸಿ ಆ ಮಗುವನ್ನು ‘ಹಿರಿಯರೇ, ಸ್ವಲ್ಪ ಬೇಗ’ ಎಂದು ಕೇಳಿಕೊಳ್ಳಬೇಕಾಗಿ ಬಂದದ್ದರಲ್ಲಿ ನನಗೇನೂ ತಮಾಷೆ ಕಾಣಲಿಲ್ಲ. ಬಿಲ್ಲೆಯ ಉಳಿದ ಬರಹವೆಲ್ಲ ಶಾಂತಸಾಗರದ ದ್ವೀಪದೇಶವಾದ ಸಮೋವಾದ ಭಾಷೆಯದು, ಏಕೆಂದರೆ ಅವನನ್ನು ಕಳುಹಿಸಿರುವುದು ಇಲ್ಲಿಯ ಸಮೋವಾದವರ ಸಭೆಗೆ. ಈ ದೇಶದಲ್ಲಿ ಇಂಗ್ಲಿಷ್ ಮತ್ತು ಮಾವೊರಿ ಬಿಟ್ಟರೆ ಹೆಚ್ಚು ಜನ ಆಡುವ ಭಾಷೆ ಅದೇ. ಅದರಲ್ಲೇ ಪ್ರಾರ್ಥನೆ, ಅದರಲ್ಲೇ ಹಾಡು, ಅದರಲ್ಲೇ ಗದರಿಕೆ ನಡೆಯುವ ಚರ್ಚುಗಳು ನಮ್ಮ ಕಡೆ ಬೇಕಾದಷ್ಟಿವೆ.

ಹುಡುಗನ ವಾರ ಹೇಗೆ ಸಾಗುತ್ತದೆಂಬುದು ನನಗೆ ಪಕ್ಕದ ಸಮೋವಾದವರ ಮನೆಯ ಹಿರಿಯಾಕೆಯಿಂದ ಬೇಲಿಯ ಮೇಲಿನಿಂದ ತಿಳಿದುಬಂದದ್ದು. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಜೊತೆಗಾರನ ಕಣ್ಣಳತೆ, ಕಿವಿಯಳತೆ ಬಿಟ್ಟು ಹೋಗುವಂತಿಲ್ಲ. ಸೋಮವಾರ ಮಾತ್ರ ಸಂಜೆಯವರೆಗೆ ಬಿಡುವು: ಅಂದು ಬಟ್ಟೆ ಒಗೆಯಬೇಕು, ದಿನಸಿ ತರಬೇಕು, ಕ್ಷೌರ ಮಾಡಿಸಿಕೊಳ್ಳಬೇಕು, ತಾಯಿಯ ಜೊತೆ ಮಾತಾಡಬೇಕು. ಈ ಕೊನೆಯದು ಹೊಸ ಸವಲತ್ತು. 2019ರ ಫೆಬ್ರುವರಿಗೆ ಮುಂಚೆ ಕ್ರಿಸ್‌ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ, ಹೀಗೆ ವರ್ಷಕ್ಕೆ ಎರಡೇ ಸಲ ಮನೆಗೆ ಫೋನು ಮಾಡಬಹುದಿತ್ತು. (ನನ್ನ ಮಗ ಮೈಸೂರಿನಲ್ಲಿರುವ ತನ್ನ ಸೋದರತ್ತೆಗೆ ಫೋನು ಮಾಡಿ ಎಷ್ಟು ತಿಂಗಳಾಯಿತೆಂಬುದನ್ನು ನಾನಿಲ್ಲಿ ಬರೆಯುವುದಿಲ್ಲ.) ಮಿಕ್ಕ ದಿನಗಳಲ್ಲಿ ಓದು, ಭಾಷಾಭ್ಯಾಸ, ಬಾಗಿಲು ತಟ್ಟುವುದು, ಮುಚ್ಚಿದ ಬಾಗಿಲಿಗೂ ಮುಗುಳ್ನಕ್ಕು ಮುಂದಿನ ಮನೆಗೆ ನಡೆಯುವುದು, ನಡುವೆ ಯಾರದಾದರೂ ಮನೆಯ ಹುಲ್ಲು ಕತ್ತರಿಸಿಕೊಡುವುದು, ಸೋಫಾ ಹೊರುವುದು. ಸಂಬಳವಂತೂ ಇಲ್ಲವೇ ಇಲ್ಲ. ತಿಂಗಳಿಗೆ ಐನೂರು ಅಮೆರಿಕನ್ ಡಾಲರುಗಳನ್ನು ಹುಡುಗನೋ ಅವನ ಮನೆಯವರೋ ಕಟ್ಟಬೇಕು. ಆರಾರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ ಎಂದಾಗ ಮಾತ್ರ ನನಗೆ ಕರುಳು ಚುರುಕ್ ಎಂದಿತು. ನಮಗೆ ಮೂರು ವರ್ಷಕ್ಕೊಮ್ಮೆ ಬರುತ್ತಿದ್ದುದಕ್ಕೇ ನಾವು ಸಂಘ ಕಟ್ಟಿ ಘೋಷಣೆ ಕೂಗುತ್ತಿದ್ದೆವು.

ಇನ್ನೊಂದು ನಿಯಮವಿದೆ: ಎರಡು ವರ್ಷ ಅವರು ಈಜುವಂತಿಲ್ಲ. ಸುತ್ತ ಸಮುದ್ರ, ಕೂತು ಉಣ್ಣುವ ಮನೆಯವರೆಲ್ಲ ಸಮುದ್ರದ ಮಕ್ಕಳು, ಮತ್ತು ಈ ಹುಡುಗ ನೀರಿಗಿಳಿಯುವ ಹಾಗಿಲ್ಲ. ನನ್ನ ಮೊಮ್ಮಗನೋ ಈಜಲು ದುಡ್ಡು ಕಟ್ಟಿಸಿಕೊಂಡು, ಪ್ರತಿ ಗುರುವಾರವೂ ಹೊಟ್ಟೆನೋವಿನ ನೆಪ ಹೇಳುತ್ತಾನೆ.

ವಾರ ಎಂಬುದರ ಬಗ್ಗೆ ನನಗೊಂದು ವಿಚಾರ ಹೊಳೆದಿತ್ತು, ಅದನ್ನು ಹೇಳಬೇಕೆಂದೇ ಬರೆಯಲು ಕುಳಿತೆ. ಸಮೋವಾದವರಷ್ಟು ವಾರದೊಡನೆ ಆಟವಾಡಿದವರು ಬೇರೆ ಯಾರೂ ಇರಲಾರರು. ದಿನಾಂಕ ಬದಲಾಗುವ ಗೆರೆ ಅವರ ಪಕ್ಕದಲ್ಲೇ ಇದೆ: 1892ರಲ್ಲಿ ಅಮೆರಿಕದ ಕಡೆಯ ದಿನಾಂಕಕ್ಕೆ ಹೊಂದಿಕೊಳ್ಳಲು ಜುಲೈ 4ನ್ನು ಎರಡು ಸಲ ಆಚರಿಸಿದರು; ನೂರಾ ಹತ್ತೊಂಬತ್ತು ವರ್ಷಗಳ ಮೇಲೆ, ವ್ಯಾಪಾರವೆಲ್ಲ ಈ ಕಡೆಗಿದೆಯೆಂದು ಮನಸ್ಸು ಬದಲಿಸಿ, 2011ರ ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದವರು 31ರ ಶನಿವಾರ ಬೆಳಗ್ಗೆ ಎದ್ದರು. ಶುಕ್ರವಾರ ಹುಟ್ಟಲೇ ಇಲ್ಲ. ಅಂದು ಅಲ್ಲಿದ್ದ ಮಿಷನರಿಗಳ ಎರಡು ವರ್ಷದಲ್ಲಿ ಒಂದು ದಿನ ಕಳೆದುಹೋಯಿತಲ್ಲ, ಅದನ್ನು ಯಾರ ಖಾತೆಗೆ ಖರ್ಚು ಬರೆಯುವುದು? ಈ ಪ್ರಶ್ನೆಯಿಂದ ನನ್ನ ವಿಚಾರ ಶುರುವಾಗುತ್ತದೆ. ಆದರೆ ಅದಕ್ಕೂ ಮುಂಚೆ ಙಕಾರದ ಸಂಗತಿಯನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ.

ಮಳೆ ಹಿಡಿದಿದ್ದ ಒಂದು ಗುರುವಾರ, ಜೊತೆಗಾರ ಒಳಗೆ ಕೊಡೆ ಹುಡುಕುತ್ತಿದ್ದಾಗ, ಈ ಐಡಹೊದ ಹುಡುಗ ನಮ್ಮ ಕಾರಿನ ಪಕ್ಕದಲ್ಲೇ ನಿಂತು ತನ್ನಷ್ಟಕ್ಕೆ ಏನನ್ನೋ ಗೊಣಗುತ್ತಿದ್ದ. ಗ, ನ್ಗ, ಅಂಗ ಎಂದು ಮೂರು ನಾಲ್ಕು ಸಲ ಎಡವಿ, ಕೊನೆಗೆ ಕೈಚೆಲ್ಲಿದ. ವಿಚಾರಿಸಿದೆ. ಸಮೋವಾ ಭಾಷೆಯಲ್ಲಿ ‘ಭಾಷೆ’ಗೆ ಇರುವ ಪದವೇ ‘ಙಙನ’. ಇಂಗ್ಲಿಷಿನಲ್ಲಿ ಆ ಸದ್ದು ಪದದ ನಡುವೆಯೋ ಕೊನೆಗೋ ಬರುತ್ತದೆಯೇ ಹೊರತು ಮೊದಲಿಗೆ ಬರುವುದಿಲ್ಲವಾದ್ದರಿಂದ, ಅವನ ನಾಲಿಗೆ ಹೊಸಿಲಲ್ಲೇ ಮುಗ್ಗರಿಸುತ್ತಿತ್ತು. ನಾಲ್ಕು ತಿಂಗಳಿಂದ ಅಭ್ಯಾಸ ನಡೆದಿತ್ತಂತೆ.

ಓದುಗರೇ, ಆ ಕ್ಷಣ ನನಗೆ ಏನಾಯಿತೆಂದು ಹೇಗೆ ಹೇಳಲಿ! ನಮ್ಮ ಒಂದನೆಯ ತರಗತಿಯ ಗೋಡೆಗೆ ವರ್ಣಮಾಲೆಯ ಚಿತ್ರಪಟವೊಂದನ್ನು ತೂಗುಹಾಕಿದ್ದರು. ಅ ಎಂದರೆ ಅರಸ, ಆ ಎಂದರೆ ಆನೆ, ಗ ಎಂದರೆ ಗಡಿಯಾರ. ಙ ಮತ್ತು ಞ ಎಂಬ ಎರಡು ಮನೆಗಳಲ್ಲಿ ಮಾತ್ರ ಚಿತ್ರವಿರಲಿಲ್ಲ. ‘ಮೇಷ್ಟ್ರೇ, ಇದರಲ್ಲಿ ಏನಿದೆ?’ ಎಂದು ಕೇಳಿದ್ದಕ್ಕೆ ನನಗೆ ಸಿಕ್ಕ ಉತ್ತರ ಅಂಗೈಯ ಮೇಲೆ ಎರಡು ದಿನ ಉಳಿದಿತ್ತು. ಆದರೂ ಮೇಷ್ಟರು ಆ ಅಕ್ಷರವನ್ನು ಬಿಟ್ಟುಕೊಡಲಿಲ್ಲ. ಕ ಖ ಗ ಘ ಆದ ಮೇಲೆ, ಗಂಟಲಿನ ಹಿಂದೆ ನಾಲಿಗೆಯ ಬುಡವನ್ನೆತ್ತಿ, ಮೂಗಿನಿಂದ, ಗಕಾರ ಸೋಕದ ಹಾಗೆ, ಶುದ್ಧವಾದ ಙ ಹೊರಡುವ ತನಕ ಊಟಕ್ಕೆ ಬಿಡುತ್ತಿರಲಿಲ್ಲ. ಅರವತ್ತು ವರ್ಷ ಆ ಅಕ್ಷರ ನನ್ನ ಬಾಯಿಯೊಳಗೆ ನಿರುದ್ಯೋಗಿಯಾಗಿ ಕುಳಿತಿತ್ತು. ಒಂದು ಅರ್ಜಿಯಲ್ಲಿ, ಒಂದು ಕಡತದಲ್ಲಿ, ಒಂದು ಮದುವೆಯ ಕರೆಯೋಲೆಯಲ್ಲಿ ಅದು ಕೆಲಸಕ್ಕೆ ಬಂದದ್ದಿಲ್ಲ. ಅದಕ್ಕೆ ಶಾಂತಸಾಗರದ ನಡುವೆ ಒಂದು ದೇಶವೇ ಕಾದಿತ್ತು!

ಕಾರಿನಿಂದ ಇಳಿದೆ. ಮಳೆಯಲ್ಲೇ ಪಾಠ ಶುರುಮಾಡಿದೆ. ‘ಸಿಂಗಿಂಗ್’ ಎನ್ನು, ಈಗ ಮೊದಲ ‘ಸಿ’ಯನ್ನು ನುಂಗು, ಉಳಿದದ್ದನ್ನು ಎಳೆ ಎಂದೆ; ಬರಲಿಲ್ಲ. ಹಾಗಾದರೆ ನನ್ನ ಹಿಂದೆಯೇ ಹೇಳು ಎಂದು ಕ ಖ ಗ ಘ ಙ ಎಂದೆ. ಟೈ ಕಟ್ಟಿದ ಆರಡಿ ಎತ್ತರದ ಹುಡುಗ ಕೈಕಟ್ಟಿ ನಿಂತು ಕ ಖ ಗ ಘ ಎಂದ. ಅವನ ಖಕಾರ, ಘಕಾರಗಳೆಲ್ಲ ನೆಲಕಚ್ಚಿದವು, ಅವುಗಳ ಹಂಗು ನನಗಿರಲಿಲ್ಲ. ಹದಿನೈದನೆಯ ಸುತ್ತಿಗೋ ಇಪ್ಪತ್ತನೆಯ ಸುತ್ತಿಗೋ ಘಕಾರದ ಇಳಿಜಾರಿನಲ್ಲಿ ಜಾರಿದವನಂತೆ ಅವನ ಮೂಗಿನಿಂದ ದುಂಡಗಿನ ಒಂದು ಙ ಹೊರಟಿತು. ಅವನೇ ಬೆಚ್ಚಿದ. ‘ಙಙನ’ ಎಂದ. ಮತ್ತೆ ‘ಙಙನ’ ಎಂದ. ಹಿಂದಿನ ಸೀಟಿನಿಂದ ಮೊಮ್ಮಗ, ಈಜಿನ ತರಗತಿ ಅರ್ಧ ಮುಗಿಯಿತು ತಾತ ಎಂದು ಇಂಗ್ಲಿಷಿನಲ್ಲಿ, ಬಹಳ ಸಂತೋಷದಿಂದ ತಿಳಿಸಿದ.

ಅಲ್ಲಿಂದ ಮುಂದೆ ಪ್ರತಿ ಗುರುವಾರವೂ ಐದು ನಿಮಿಷ ಪಾಠ. ಅವನು ನನ್ನ ಊರು ಕೇಳಿದ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದ್ದೆ ಎಂದದ್ದಕ್ಕೆ, ಅಲ್ಲಿ ನಮ್ಮ ದೇವಾಲಯ ಕಟ್ಟಲು 2020ರಲ್ಲಿ ಶಂಕುಸ್ಥಾಪನೆಯಾಗಿದೆ, ನೋಡಿದ್ದೀರಾ ಸರ್ ಎಂದ. ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ನನ್ನ ಊರಿನ ಸುದ್ದಿಯನ್ನು ಐಡಹೊದವನು ನನಗೆ ಹೇಳುವುದೆಂದರೇನು? ಆ ದಿನ ಪಾಠವನ್ನು ಬೇಗನೆ ಮುಗಿಸಿದೆ.

ಅವನ ಸಮೋವಾ ಭಾಷೆ ನನ್ನ ಕನ್ನಡದ ಹಾಗೆ, ಎಂದರೆ ನಾನೀಗ ಬರೆಯುತ್ತಿರುವ ಈ ಕನ್ನಡದ ಹಾಗೆ, ಇಸ್ತ್ರಿ ಮಾಡಿದ್ದು. ಊಟ ಮಾಡುವುದಕ್ಕೆ ಅಲ್ಲಿ ಸಾಮಾನ್ಯರಿಗೊಂದು ಪದ, ಗೌರವಸ್ಥರಿಗೆ ಬೇರೆ ಪದ. ಎದುರಿನವರಿಗೆ ಬಳಸುವ ಗೌರವದ ಮಾತನ್ನು ತನಗೇ ಬಳಸಿಕೊಳ್ಳಬಾರದು. ಹುಡುಗ ಮೊದಲ ತಿಂಗಳಲ್ಲಿ ಹಿರಿಯಾಕೆ ಬಡಿಸಲು ಬಂದಾಗಲೆಲ್ಲ, ‘ನಾವಾಗಲೇ ಊಟಕ್ಕೆ ಚಿತ್ತೈಸಿಯಾಯಿತು’ ಎಂಬ ಧಾಟಿಯಲ್ಲಿ ತನ್ನನ್ನೇ ಸನ್ಮಾನಿಸಿಕೊಳ್ಳುತ್ತಿದ್ದನಂತೆ. ಅವರು ತಿದ್ದಲಿಲ್ಲ. ಚಿತ್ತೈಸಿದವರ ತಟ್ಟೆಗೆ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ ಪಾಲುಸಾಮಿಯನ್ನು ಇನ್ನೆರಡು ಹಾಕುತ್ತಿದ್ದರು. (ಮಾಂಸ ಬೆರೆಸದ ಪಾಲುಸಾಮಿ ನಮ್ಮ ಮನೆಗೂ ಬೇಲಿ ದಾಟಿ ಬರುತ್ತದೆ; ನನ್ನ ಹೆಂಡತಿಯ ಪ್ರಕಾರ ಅದು ಪತ್ರೊಡೆಗೆ ದೂರದ ನೆಂಟ, ಆದರೆ ಖಾರ ಸಾಲದು.)

ಅನಾಹುತವಾದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಸಮೋವಾದವರು ಚರ್ಚಿನಲ್ಲಿ, ಶಾಲೆಯಲ್ಲಿ, ರೇಡಿಯೋ ವಾರ್ತೆಯಲ್ಲಿ, ಮತ್ತು ಪರಂಗಿಯವರ ಮುಂದೆ ತಕಾರದ ಭಾಷೆಯಾಡುತ್ತಾರೆ. ಮನೆಯೊಳಗೆ, ಅಡುಗೆಯ ಬೆಂಕಿಯ ಮುಂದೆ, ಮಕ್ಕಳ ಆಟದಲ್ಲಿ ತಕಾರವೆಲ್ಲ ಕಕಾರವಾಗುತ್ತದೆ, ನಕಾರವೆಲ್ಲ ಙಕಾರವಾಗುತ್ತದೆ. ಹುಡುಗಿ ಎಂಬ ‘ತೇಯಿನೆ’ ‘ಕೇಯಿಙೆ’ ಆಗುತ್ತಾಳೆ. ಧನ್ಯವಾದ ಹೇಳುವ ‘ಫಾಅಫೆತಾಯ್’ ‘ಫಾಅಫೆಕಾಯ್’ ಆಗುತ್ತದೆ. ಭಾಷೆ ಎಂಬ ಆ ‘ಙಙನ’ವೋ, ಮನೆಯೊಳಗೆ ಬಂದೊಡನೆ ಅಂಗಿ ಬಿಚ್ಚಿ ‘ಙಙಙ’ ಎಂದು ಕಾಲುಚಾಚಿ ಕುಳಿತುಬಿಡುತ್ತದೆ. ಮಿಷನರಿಯ ಎದುರು ಯಾರೂ ಹೀಗೆ ಮಾತಾಡುವುದಿಲ್ಲ. ಮಾತಾಡುತ್ತಿದ್ದವರೂ ಅವನು ಚಪ್ಪಲಿ ಕಳಚಿ ಒಳಗೆ ಬಂದ ಕೂಡಲೇ ತಕಾರಕ್ಕೆ ಏರುತ್ತಾರೆ. ಹೀಗಾಗಿ ಎಂಟು ತಿಂಗಳು ಪ್ರತಿ ಸಂಜೆ ಒಂದೊಂದು ಮನೆಯಲ್ಲಿ ಉಂಡರೂ ಆ ಮನೆಗಳ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಡ್ರೈವ್‌ವೇಯಲ್ಲಿ ನಿಂತು ನನ್ನಿಂದ ಪಾಠ ಹೇಳಿಸಿಕೊಳ್ಳುವಾಗ, ಅಲ್ಲೇ ಚೆಂಡಾಡುತ್ತಿದ್ದ ಮಕ್ಕಳ ಬಾಯಿಂದ ಅದು ಮೊದಲ ಸಲ ಬಿತ್ತು. ಎಲ್ಲೆಲ್ಲೂ ಙಕಾರ! ಹುಡುಗ ನನ್ನ ಕಡೆ ನೋಡಿದ, ನಿಧಿ ಸಿಕ್ಕಿದವನ ಹಾಗೆ. ನಾನೂ, ತಿಳಿಯದೆ, ಬೆನ್ನು ತಟ್ಟಿದೆ.

ಆ ಭಾನುವಾರ ಅವನ ಭಾಷಣವಿತ್ತು. ಅವರ ಭಾನುವಾರದ ಸಭೆಗಳು 2019ರವರೆಗೆ ಮೂರು ಗಂಟೆ ನಡೆಯುತ್ತಿದ್ದವು, ಈಗ ಎರಡೇ ಗಂಟೆ. ಅಂದಿನ ಎರಡು ಗಂಟೆಯೊಳಗೆ ಹನ್ನೆರಡು ನಿಮಿಷ ಮಾತ್ರ ಯಾರಿಗೂ ನಿದ್ದೆ ಬರಲಿಲ್ಲವೆಂದು ಹಿರಿಯಾಕೆ ಸೋಮವಾರ ಬೇಲಿಯ ಬಳಿ ಕಣ್ಣೊರೆಸಿಕೊಳ್ಳುತ್ತ ಹೇಳಿದರು. ಬಿಳಿಯ ಪುಲೆತಾಸಿ ಉಟ್ಟ ಹೆಂಗಸರು, ಗಂಭೀರವಾಗಿ ಕುಳಿತ ಗಂಡಸರು, ಇವರೆಲ್ಲರ ಎದುರಿಗೆ ನಿಂತು ಹುಡುಗ ದೇವರಿಗೆ ಕಕಾರದಲ್ಲಿ, ಙಕಾರದಲ್ಲಿ, ಹಿತ್ತಿಲಲ್ಲಿ ಚೆಂಡಾಡುವ ಮಕ್ಕಳ ಭಾಷೆಯಲ್ಲಿ ಕೃತಜ್ಞತೆ ಅರ್ಪಿಸಿದ. ಮೊದಲು ಮಕ್ಕಳ ಸಾಲು ನಕ್ಕಿತು. ಗದರಿಸಲು ತಿರುಗಿದ ತಾಯಂದಿರು ತಾವೇ ಸೆರಗಿಲ್ಲದ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ ಬೀಸಣಿಗೆ ಎತ್ತಿಕೊಂಡರು. ‘ಇದನ್ನು ಅವನಿಗೆ ಕಲಿಸಿದವರು ಯಾರೋ’ ಎಂದು ಆಕೆ ನನ್ನನ್ನೇ ನೋಡುತ್ತ ಕೇಳಿದರು. ನಾನು ನಮ್ಮ ಮನೆಯ ಕರಿಬೇವಿನ ಗಿಡ ಈ ಚಳಿಗೆ ಚಿಗುರುತ್ತಲೇ ಇಲ್ಲವೆಂದು ಮಾತು ಬದಲಿಸಿದೆ.

ಮುಂದಿನ ಗುರುವಾರ ಹುಡುಗ ತಲೆತಗ್ಗಿಸಿ ಬಂದ. ಕ್ಷಮೆ ಕೇಳಬೇಕಾದವನು ನಾನು, ಕೇಳಿದವನು ಅವನು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ಅವತ್ತು ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ನನ್ನ ಮೊಮ್ಮಗನಿಗೆ ಒಂಬತ್ತು ವರ್ಷ. ಅವನಿಗೆ ಙ ಇರಲಿ, ಅ ಕೂಡ ಬಾರದು. ‘ಏನು ಮಾಡುವುದಪ್ಪಾ, ಶಾಲೆಯ ಕೆಲಸವೇ ಬೇಕಾದಷ್ಟು’ ಎಂದು ನನ್ನ ಮಗ ಹೇಳುತ್ತಾನೆ. ನಾನು ಹೂಂ ಎನ್ನುತ್ತೇನೆ. ದಿನವಿಡೀ ಮನೆಯಲ್ಲೇ ಇರುವ ನಾನು ಆರು ವರ್ಷದಲ್ಲಿ ಆ ಮಗುವನ್ನು ಕೂರಿಸಿಕೊಂಡು ಒಂದು ಅಕ್ಷರ ಹೇಳಿಕೊಟ್ಟಿಲ್ಲ, ಪರದೇಶದವನಿಗೆ ಮಳೆಯಲ್ಲಿ ನಿಂತು ಕಲಿಸಿದೆ ಎಂದು ಹೆಂಡತಿ ಒಮ್ಮೆ ಅಂದಳು. ಅದಕ್ಕೆ ನಾನು ಕೊಟ್ಟ ಉತ್ತರ ಇಲ್ಲಿ ಅಪ್ರಸ್ತುತ.

ವರ್ಗಾವಣೆಯ ಪಟ್ಟಿ ಬಂತು. ಹುಡುಗನನ್ನು ನಗರದ ಇನ್ನೊಂದು ಕೊನೆಗೆ ಹಾಕಿದರು. ಹೊರಡುವ ಮುನ್ನ ಅವನು ನನ್ನ ಎದುರಿನಿಂದ ಹಾದುಹೋಗುವಾಗ, ಸಮೋವಾದವರು ಹಿರಿಯರ ಮುಂದೆ ಮಾಡುವಂತೆ, ಬೆನ್ನು ಬಗ್ಗಿಸಿ, ಕೈ ಕೆಳಗಿಳಿಸಿ, ‘ತುಲೋವು’ ಎಂದ. ಅಚ್ಚ ತಕಾರದಲ್ಲಿ. ನನ್ನ ಬಾಯಿಗೆ ಏನೂ ಬರಲಿಲ್ಲ. ‘ಕಾರು ನಿಧಾನ’ ಎಂದೆ. ಎಂಟು ತಿಂಗಳಿಂದ ಯಾವುದರ ವಿರುದ್ಧ ಒಳಗೊಳಗೇ ಕುದಿಯುತ್ತಿದ್ದೆನೋ ಅದನ್ನೇ.

ಈಗ ಬಂದಿರುವ ಹೊಸ ಜೋಡಿ ಕಾರಿಲ್ಲದ್ದು, ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಡ್ರೈವ್‌ವೇ ಖಾಲಿಯಿರಬೇಕಿತ್ತು. ಆದರೆ ಕಳೆದ ಗುರುವಾರ ಆರೂಕಾಲಿಗೆ ನಾನು ಕಾರು ತೆಗೆಯಲು ಹೋದರೆ, ಪಕ್ಕದ ಮನೆಯ ಇಬ್ಬರು ಮಕ್ಕಳು ಅಪ್ಪನ ಟೈಗಳನ್ನು ಮೊಣಕಾಲಿನವರೆಗೆ ಇಳಿಬಿಟ್ಟುಕೊಂಡು ದಾರಿಗಡ್ಡವಾಗಿದ್ದರು. ಒಬ್ಬ ಮೂರು ಗಾಲಿಯ ಸೈಕಲ್ಲಿನ ಮೇಲೆ ಕುಳಿತಿದ್ದ; ಇನ್ನೊಬ್ಬಳು ಹಿಂದೆ ನಿಂತು ಎರಡೂ ಕೈಗಳನ್ನು ಆಡಿಸುತ್ತ, ಒಂದೊಂದು ಗೇಣು, ಒಂದೊಂದು ಗೇಣು, ಅದನ್ನು ಹಿಂದಕ್ಕೆ ಬರಮಾಡಿಕೊಳ್ಳುತ್ತಿದ್ದಳು. ಇಬ್ಬರೂ ಒಂದೂ ಕಕಾರ ಬಾರದಂತೆ ಎಚ್ಚರವಹಿಸಿ ಚರ್ಚಿನ ಭಾಷೆಯಲ್ಲಿ ಮಾತಾಡುತ್ತಿದ್ದರು. ನಮ್ಮವನು ಈಜುಡುಪಿನ ಚೀಲವನ್ನು ಕೆಳಗೆಸೆದು, ತನಗೂ ಒಂದು ಟೈ ಬೇಕೆಂದು ಒಳಗೆ ಓಡಿದ. ನಾನು ಎಂಜಿನ್ ಆರಿಸಿ ಕುಳಿತೆ.